ಬಾತಜ್ಜಿಯ ನಡಿಗೆ

ಆಮಂತ್ರಣವನ್ನು ನೇರವಾಗಿ ಮನೆಗೇ ಕಳಿಸುವ ಬುದ್ಧಿ ಸ್ಟುಡಿಯೊದಲ್ಲಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಅವನು ಕೈಗೆ ಸಿಕ್ಕಿದ್ದರೆ ಮಗಳು ಅವತ್ತು ಸುಮ್ಮನೆ ಬಿಡುತ್ತಿರಲಿಲ್ಲ. ಹೊಸ ಕಾರ್ಟೂನ್ ಚಿತ್ರ ಮುಗಿದಾಗಲೆಲ್ಲ, ಬಿಡುಗಡೆಗೆ ಒಂದು ವಾರ ಮೊದಲು, ಕೆಲಸ ಮಾಡಿದವರ ಮನೆಮಂದಿಗೆ ಒಂದು ಪ್ರದರ್ಶನ ಇಡುವುದು ಆ ದೊಡ್ಡ ಸ್ಟುಡಿಯೊದ ಪದ್ಧತಿ. ಇಷ್ಟು ವರ್ಷ ಅದರ ಕಾರ್ಡನ್ನು ಅವರವರ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಬೇಕಾದವರು ಮನೆಗೆ ಒಯ್ಯುತ್ತಿದ್ದರು, ಬೇಡವಾದವರು ಕಸದ ಬುಟ್ಟಿಗೆ ಹಾಕುತ್ತಿದ್ದರು. ಮಗಳು ಎರಡನೇ ಜಾತಿಯವಳು. ಈ ಸಲ ಅಂಚೆಯಲ್ಲಿ ಬಂತು. ಅವಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಕಾರ್ಡನ್ನು ಮೂರು ಸಲ ಓದಿ, ಅಡುಗೆಮನೆಯ ಗಡಿಯಾರಕ್ಕೆ ಒರಗಿಸಿ ಇಟ್ಟಾಗಿತ್ತು.

"ಶನಿವಾರ ಹನ್ನೊಂದು ಗಂಟೆಗಂತೆ. ನನ್ನ ಹೆಸರೂ ಹಾಕಿದಾರೆ ನೋಡೇ. ಕೆಳಗಿನ ಮನೆಯವಳಿಗೂ ತೋರಿಸಿ ಬಂದೆ."

"ಅಮ್ಮ, ಅಲ್ಲಿ ಬರೀ ಚಿಕ್ಕ ಮಕ್ಕಳ ಗಲಾಟೆ. ನಿನಗೆ ತಲೆನೋವು ಬರುತ್ತೆ."

"ಮೂವತ್ತು ವರ್ಷ ಆಸ್ಪತ್ರೆ ಲಾಂಡ್ರಿಯಲ್ಲಿ ಆ ಮಿಷಿನ್ ಸದ್ದು ಕೇಳಿದವಳಿಗೆ ಮಕ್ಕಳ ಗಲಾಟೆಗೆ ತಲೆನೋವು ಬರುತ್ತಾ?"

ಅವತ್ತಿನಿಂದ ಶನಿವಾರದವರೆಗೆ ಮಗಳು ಒಂದು ಕಡೆ ಕೂತಿದ್ದನ್ನು ಯಾರೂ ನೋಡಲಿಲ್ಲ. ಊಟದ ಮಧ್ಯೆ ಎದ್ದು ಕಿಟಕಿ ಮುಚ್ಚಿ ಬಂದಳು, ಮತ್ತೆ ಎದ್ದು ಅದೇ ಕಿಟಕಿ ತೆಗೆದಳು. ಉಗುರು ಕಚ್ಚುವ ಚಟ ಹದಿನೈದು ವರ್ಷದ ಹಿಂದೆ ಬಿಟ್ಟಿದ್ದಳು, ಅದೂ ವಾಪಸು ಬಂತು. ಪ್ರದರ್ಶನ ರದ್ದಾಗಿದೆ ಎಂದು ಗುರುವಾರ ಒಂದು ಸುಳ್ಳು ಹೇಳಿ ನೋಡಿದಳು. ಅಮ್ಮ ಕಾರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, "ಇಲ್ಲ ಕಣೇ, ಇದೆಯಂತೆ. ಪಾಪ, ನಿನಗೆ ಯಾರೋ ತಪ್ಪು ಹೇಳಿದಾರೆ" ಎಂದಳು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಅಮ್ಮ ಕುಂಟುತ್ತಿದ್ದಳು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ, ಅಮ್ಮನೂ ಎಂದೂ ಸುತ್ತಿ ಬಳಸಿ ಹೇಳಿದವಳಲ್ಲ. ಮಗಳಿಗೆ ಆರು ವರ್ಷವಿದ್ದಾಗ, ಒದ್ದೆ ಹಾಸಿಗೆ ಬಟ್ಟೆಗಳ ಗಂಟು ಹೊತ್ತು ಬರುತ್ತಿದ್ದವಳು ಲಾಂಡ್ರಿಯ ಸಾಬೂನು ನೀರಿನಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು, ಕೂಡಿಕೊಳ್ಳುವಾಗ ವಕ್ರವಾಗಿ ಕೂಡಿಕೊಂಡಿತು. ಎರಡೇ ತಿಂಗಳಿಗೆ ಎದ್ದು ಮತ್ತೆ ಅದೇ ಕೆಲಸಕ್ಕೆ ಹೋದಳು, ಹೋಗದೆ ವಿಧಿಯಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಬೀದಿಯ ಮಕ್ಕಳು ಸಾಲಾಗಿ ಅವಳ ಹಿಂದೆ ಹಾಗೆಯೇ ಕುಂಟುತ್ತ ಬರುತ್ತಿದ್ದವು. ಅಮ್ಮ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಶಾಲೆ ಬಿಟ್ಟು ಲಾಂಡ್ರಿಯ ಗೇಟಿನಲ್ಲಿ ಜೊತೆಯಾದ ಮಗಳಂತೂ ಚೀಲ ಬೆನ್ನಿಗೆ ಹಾಕಿಕೊಂಡು ಹತ್ತು ಮಾರು ಮುಂದೆ ಹೋಗುತ್ತಿದ್ದಳು. ನೋಡಿದವರಿಗೆ ಇವಳು ಬೇರೆ, ಅವಳು ಬೇರೆ ಎಂದು ಅನಿಸಲಿ ಎಂಬ ಆಸೆ. ದೊಡ್ಡವಳಾದ ಮೇಲೆ ಆಸೆ ಹೋಯಿತು, ಅಭ್ಯಾಸ ಉಳಿಯಿತು. ಈಗ ಗೇಟು ತೆಗೆಯುವುದಕ್ಕೆ, ಲಿಫ್ಟ್ ಹಿಡಿದು ನಿಲ್ಲಿಸುವುದಕ್ಕೆ ಎಂಬ ನೆಪದಲ್ಲಿ ಮುಂದೆ ಹೋಗುತ್ತಿದ್ದಳು. ನೋಡಿದವರು ತಾಯಿಯ ಮೇಲೆ ಎಷ್ಟು ಕಾಳಜಿ ಎನ್ನುತ್ತಿದ್ದರು.

ಸ್ಟುಡಿಯೊದಲ್ಲಿ ಅವಳಿಗೆ ನಡಿಗೆಯಕ್ಕ ಎಂದು ಅಡ್ಡಹೆಸರು. ಕರಡಿ, ಮೊಲ, ಮುಳ್ಳುಹಂದಿ, ರಾಜಕುಮಾರ, ಯಾರೇ ಆಗಲಿ, ತೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಬೇಕಾದರೆ ಆ ನಡಿಗೆಯನ್ನು ಚಿತ್ರ ಚಿತ್ರವಾಗಿ ಅವಳೇ ಬರೆಯಬೇಕು. ಅಲ್ಲಿ ಪ್ರತಿಯೊಬ್ಬ ಚಿತ್ರಗಾರನ ಮೇಜಿಗೂ ಒಂದು ಕನ್ನಡಿ ಇರುತ್ತದೆ. ಅಲಂಕಾರಕ್ಕಲ್ಲ. ಮೊಲಕ್ಕೆ ಸಿಟ್ಟು ಬಂದರೆ ಹುಬ್ಬು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ತಾವೇ ಕನ್ನಡಿಯ ಮುಂದೆ ಸಿಟ್ಟಾಗಿ ನೋಡಿಕೊಂಡು ಬರೆಯುತ್ತಾರೆ. ಹೊಸದಾಗಿ ಒಳಗೆ ಕಾಲಿಟ್ಟವರಿಗೆ ಇದೇನು ಹುಚ್ಚರ ಸಂತೆ ಎನಿಸಬೇಕು. ಒಬ್ಬ ಕರಡಿಯಂತೆ ಆಕಳಿಸುತ್ತಿರುತ್ತಾನೆ, ಇನ್ನೊಬ್ಬಳು ಕಣ್ಣೀರಿಲ್ಲದೆ ಬಿಕ್ಕುತ್ತಿರುತ್ತಾಳೆ. ನಡಿಗೆಯ ಕೆಲಸಕ್ಕೆಂದೇ ಮೂಲೆಯಲ್ಲಿ ಒಂದು ಆಳೆತ್ತರದ ಕನ್ನಡಿ ನಿಲ್ಲಿಸಿದ್ದರು.

ಈ ಹೊಸ ಚಿತ್ರದಲ್ಲಿ ಬಾತಜ್ಜಿ ಎಂಬ ಒಂದು ಪಾತ್ರವಿತ್ತು. ಕಾಡಿನ ಕೊಳವನ್ನು ಕಾಯುವ ಮುದಿ ಬಾತುಕೋಳಿ. ನೀರಿಗೆ ಬಂದವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಓಡಿಸುವುದೇ ಅದರ ಕಸುಬು. ಮೂರೇ ಮೂರು ದೃಶ್ಯ. ಆದರೆ ನಿರ್ದೇಶಕನಿಗೆ ಅದರ ನಡಿಗೆ ಹಿಡಿಸಲಿಲ್ಲ. ಮಗಳು ಏಳು ನಡಿಗೆ ಬರೆದಳು, ಏಳನ್ನೂ ನೋಡಿ ಅವನು "ಜೀವ ಇಲ್ಲ" ಎಂದು ತಲೆಯಾಡಿಸಿದ. ಎಂಟನೆಯ ದಿನ ಸಿಟ್ಟಿಗೆ ಪೆನ್ನು ಎಸೆದು ಕಣ್ಣು ಮುಚ್ಚಿ ಕೂತಳು. ಆಗ ಕಿವಿಯಲ್ಲಿ ಆ ಸದ್ದು ಬಂತು. ಟಕ್, ಸರ್ರ್. ಟಕ್, ಸರ್ರ್. ಹಳೆಯ ಮನೆಯ ಉದ್ದ ಓಣಿಯಲ್ಲಿ ಅಮ್ಮ ಕೆಲಸದಿಂದ ಬರುತ್ತಿದ್ದ ಸದ್ದು. ಅವಳು ಎದ್ದು ದೊಡ್ಡ ಕನ್ನಡಿಯ ಮುಂದೆ ಹೋಗಿ, ಆ ಸದ್ದಿಗೆ ಸರಿಯಾಗಿ ನಾಲ್ಕು ಹೆಜ್ಜೆ ಹಾಕಿದಳು. ಸೊಂಟ ಎಲ್ಲಿ ಕುಸಿಯಿತು, ಹೆಗಲು ಎಲ್ಲಿ ಏರಿತು, ಕನ್ನಡಿ ನೋಡಿಕೊಂಡು ಬಂದು ಒಂದೇ ಉಸಿರಿಗೆ ಬರೆದು ಮುಗಿಸಿದಳು.

ನಿರ್ದೇಶಕ ನೋಡಿ ಕುರ್ಚಿಯಿಂದ ಎದ್ದುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ, ಪಕ್ಕದ ಕೋಣೆಯವರನ್ನೆಲ್ಲ ಕರೆದ, ಅವರೂ ಬಂದು ನಕ್ಕರು. ಮೂರು ದೃಶ್ಯ ಇದ್ದದ್ದು ಹನ್ನೊಂದಾಯಿತು. ಪೋಸ್ಟರಿನಲ್ಲಿ ರಾಜಕುಮಾರನನ್ನು ಮೂಲೆಗೆ ತಳ್ಳಿ ಬಾತಜ್ಜಿಯನ್ನು ನಡುವೆ ನಿಲ್ಲಿಸಿದರು. ಮಗಳು ವಿಭಾಗದ ಮುಖ್ಯಸ್ಥೆಯಾದಳು.

"ಇದನ್ನ ಎಲ್ಲಿಂದ ತಂದ್ರಿ ನಡಿಗೆಯಕ್ಕ?" ಎಂದು ಅವನು ಕೇಳಿದಾಗ, "ಸುಮ್ಮನೆ ಬಂತು" ಎಂದಿದ್ದಳು.

ಸುಮ್ಮನೆ ಎಲ್ಲಿಂದ ಬರುತ್ತದೆ! ಬೀದಿಯ ಮಕ್ಕಳು ಮಾಡಿದ್ದನ್ನೇ ತಾನು ಸಂಬಳ ತೆಗೆದುಕೊಂಡು ಮಾಡಿದೆ ಎಂದು ಅವಳಿಗೆ ಅವತ್ತೇ ಅನಿಸಿತ್ತು. ಆ ಮಕ್ಕಳು ಹತ್ತೋ ಹನ್ನೆರಡೋ ಇದ್ದವು. ಇಲ್ಲಿ ಲಕ್ಷಗಟ್ಟಲೆ ಜನ ನಗುತ್ತಾರೆ. ಅವರೆಲ್ಲ ನಗಲಿ, ಅಮ್ಮ ಮಾತ್ರ ನೋಡದಿದ್ದರೆ ಸಾಕು. ಅಮ್ಮ ಸಿನಿಮಾಗೆ ಹೋಗುವವಳೇ ಅಲ್ಲ ಎಂಬ ಧೈರ್ಯದಲ್ಲಿ ಎರಡು ವರ್ಷ ಕಳೆದಿದ್ದಳು. ಆ ಧೈರ್ಯಕ್ಕೆ ಬಂದ ಕುತ್ತು ಈಗ ಒಂದು ಕಾರ್ಡಿನ ರೂಪದಲ್ಲಿ ಗಡಿಯಾರಕ್ಕೆ ಒರಗಿ ನಿಂತಿತ್ತು.

ಶನಿವಾರ ಬೆಳಗ್ಗೆ ಎಂಟಕ್ಕೇ ಅಮ್ಮ ಸಿದ್ಧಳಾಗಿ ಕೂತಿದ್ದಳು. ನಿವೃತ್ತಿಯ ದಿನ ಲಾಂಡ್ರಿಯವರು ಕೊಟ್ಟ ಕಪ್ಪು ಕೈಚೀಲವನ್ನು ಪೆಟ್ಟಿಗೆಯಿಂದ ತೆಗೆದು, ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸ್ಟುಡಿಯೊದ ಚಿತ್ರಮಂದಿರದಲ್ಲಿ ಮಗಳು ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ, ಬಾಗಿಲ ಪಕ್ಕದ ಕೊನೆಯ ಎರಡು ಸೀಟು ಹಿಡಿದಳು. ಬೇಕೆಂದಾಗ ಎದ್ದು ಹೋಗಬಹುದು ಎಂಬ ಲೆಕ್ಕಾಚಾರ. ಬಾತಜ್ಜಿ ಮೊದಲು ಬರುವುದು ಹತ್ತೊಂಬತ್ತನೇ ನಿಮಿಷಕ್ಕೆ. ಹನ್ನೊಂದು ದೃಶ್ಯಗಳೂ ಎಷ್ಟು ಹೊತ್ತಿಗೆ ಬರುತ್ತವೆ, ಎಷ್ಟು ಹೊತ್ತಿಗೆ ಮುಗಿಯುತ್ತವೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಹದಿನೇಳನೇ ನಿಮಿಷಕ್ಕೆ ಅವಳು ಬಗ್ಗಿ, "ಅಮ್ಮ, ಬಾತ್‌ರೂಮಿಗೆ ಹೋಗ್ಬೇಕಾ?" ಎಂದಳು.

"ಈಗ ತಾನೇ ಹೋಗಿ ಬಂದೆನಲ್ಲೇ."

"ಟೀ ಕುಡಿಯೋಣ ಬಾ. ಇಲ್ಲಿ ಚೆನ್ನಾಗಿರುತ್ತೆ."

"ಸುಮ್ಮನೆ ಕೂತ್ಕೋ. ಮುಳ್ಳಿನ ಮೇಲೆ ಕೂತವಳ ಹಾಗೆ ಯಾಕೆ ಆಡ್ತಿದೀಯ? ಆ ಮೊಲದ ಮರಿಗೆ ಏನಾಯ್ತು ಅಂತ ನಾನು ನೋಡ್ಬೇಕು."

ಮೊಲದ ಮರಿಗೆ ಏನಾಗುತ್ತದೆ? ನೀರಡಿಕೆಯಾಗುತ್ತದೆ, ಕೊಳಕ್ಕೆ ಬರುತ್ತದೆ. ಜೊಂಡು ಸರಿಯುತ್ತದೆ. ಟಕ್, ಸರ್ರ್.

ಚಿತ್ರಮಂದಿರ ನಗೆಯಿಂದ ಬಿರಿಯಿತು. ಮುಂದಿನ ಸಾಲಿನಲ್ಲಿ ಒಂದು ಮಗು ಎದ್ದು ನಿಂತು ಆಗಲೇ ಹಾಗೆ ನಡೆಯಲು ಶುರುಮಾಡಿತು, ಅದರ ಅಪ್ಪ ಚಪ್ಪಾಳೆ ತಟ್ಟಿದ. ಅಮ್ಮನ ಮುಖ ನೋಡುವ ಎದೆಗಾರಿಕೆ ಮಗಳಿಗಿರಲಿಲ್ಲ, ಕೈಗಳನ್ನು ನೋಡಿದಳು. ಅವು ಕೈಚೀಲದ ಹಿಡಿಯ ಮೇಲೆ ಒಂದರ ಮೇಲೊಂದು ಸುಮ್ಮನೆ ಕೂತಿದ್ದವು. ಎರಡನೇ ದೃಶ್ಯ ಬಂತು, ಮೂರನೆಯದು ಬಂತು. ಮಗಳು ಕಾಲ ಮೇಲೆ ಕಾಲು ಹಾಕಿದಳು, ಇಳಿಸಿದಳು, ಮತ್ತೆ ಹಾಕಿದಳು. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, ನೀರು ಕುಡಿಯದೆ ಒಳಗೆ ಬಂದಳು. ನಾಲ್ಕನೆಯದಕ್ಕೆ ತಡೆಯಲಾರದೆ ಓರೆಗಣ್ಣಿನಲ್ಲಿ ನೋಡಿಯೇಬಿಟ್ಟಳು. ಅಮ್ಮ ಮುಂದಕ್ಕೆ ಬಾಗಿದ್ದಳು. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ತೆರೆಯ ತುಂಬ ಅಷ್ಟು ಬಣ್ಣ, ಅಷ್ಟು ಗದ್ದಲ ಇದ್ದರೂ ಅವಳ ಕಣ್ಣು ಆ ಬಾತಿನ ಪಾದಗಳನ್ನು ಬಿಟ್ಟು ಕದಲಲಿಲ್ಲ.

ಅಮ್ಮನಿಗೆ ಗೊತ್ತಾಗಿಬಿಟ್ಟಿತು ಎಂದುಕೊಂಡಳು ಮಗಳು.

ಕೊನೆಗೆ ಹೆಸರುಗಳು ಬಂದವು. ಅವರವರ ಹೆಸರು ಬಂದಾಗ ಅವರವರ ಮನೆಯವರು ಕೂಗಿ ಚಪ್ಪಾಳೆ ತಟ್ಟುವುದು ರೂಢಿ. ಮಗಳ ಹೆಸರಿಗೆ ಅಮ್ಮ ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿ ತಟ್ಟಿದಳು. ಅದು ಮಗಳಿಗೆ ಬೈಗುಳಕ್ಕಿಂತ ಹೆಚ್ಚು ನೋಯಿತು.

ದೀಪ ಹತ್ತುತ್ತಲೇ ನಿರ್ದೇಶಕ ಜನರನ್ನು ಸರಿಸಿಕೊಂಡು ಬಂದ. ಗೆದ್ದ ಸಂಭ್ರಮದಲ್ಲಿ ಅವನ ಮುಖ ಕೆಂಪಾಗಿತ್ತು.

"ನೀವು ಇವರ ತಾಯಿ ಅಲ್ವಾ? ಅಮ್ಮ, ಈ ಚಿತ್ರಕ್ಕೆ ಜೀವ ಕೊಟ್ಟಿದ್ದೇ ನಿಮ್ಮ ಮಗಳು. ಆ ನಡಿಗೆ ನೋಡಿದ್ರಲ್ಲ! ಎಲ್ಲಿಂದ ಬಂತು ಅಂದ್ರೆ ಬಾಯೇ ಬಿಡಲ್ಲ. ನೀವಾದ್ರೂ ಹೇಳಿ, ಇವರು ಚಿಕ್ಕವರಿದ್ದಾಗ ಮನೆಯಲ್ಲಿ ಬಾತುಕೋಳಿ ಸಾಕಿದ್ರಾ?"

"ಇಲ್ಲಪ್ಪ. ಬಾಡಿಗೆ ಮನೆ, ಬೆಕ್ಕು ಸಾಕೋಕೂ ಬಿಡ್ತಿರಲಿಲ್ಲ" ಎಂದಳು ಅಮ್ಮ.

ಅವನು ಜೋರಾಗಿ ನಕ್ಕ. "ಬನ್ನಿ, ಬನ್ನಿ. ಹೊರಗೆ ಎಲ್ಲರಿಗೂ ಪರಿಚಯ ಮಾಡಿಸ್ತೀನಿ" ಎಂದು ಕೈಚಾಚಿ ದಾರಿ ಬಿಟ್ಟು ನಿಂತ. ಬಾಗಿಲಿಗೆ ಎಂಟೇ ಹೆಜ್ಜೆ. ಅವನ ಹಿಂದೆ ಸ್ಟುಡಿಯೊದ ಹತ್ತಾರು ಜನ, ಅವರ ಹೆಂಡತಿ ಮಕ್ಕಳು. ಆ ಎಂಟು ಹೆಜ್ಜೆಯನ್ನು ಅಮ್ಮ ಇಟ್ಟರೆ ಸಾಕು, ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಎಲ್ಲರ ಕಣ್ಣೆದುರು ಸಿಕ್ಕಿಬಿಡುತ್ತಿತ್ತು.

ಅಮ್ಮ ಏಳುವವಳಂತೆ ಮಾಡಿ, ಮತ್ತೆ ಕೂತಳು.

"ನೀವು ನಡೀರಪ್ಪ. ಕತ್ತಲಲ್ಲಿ ಕೂತು ಕೂತು ಕಣ್ಣು ಮಂಜಾಗಿದೆ, ಎರಡು ನಿಮಿಷ ಇದ್ದು ಬರ್ತೀನಿ. ನೀನೂ ಹೋಗೇ, ಎಲ್ಲರೂ ಕಾಯ್ತಿದಾರೆ."

ಮಗಳು ಹೋಗಲಿಲ್ಲ. ಹೊರಗೆ ಕಾಯುತ್ತಿದ್ದವರೂ ಕರಗಿ, ಕಸ ಗುಡಿಸುವವರು ಪೊರಕೆ ಹಿಡಿದು ಬರುವವರೆಗೂ ಇಬ್ಬರೂ ಆ ಖಾಲಿ ಚಿತ್ರಮಂದಿರದಲ್ಲಿ ಅಕ್ಕಪಕ್ಕ ಕೂತಿದ್ದರು. ಅಮ್ಮನಿಗೆ ಎಲ್ಲ ಗೊತ್ತಾಗಿದೆ ಎಂಬುದರಲ್ಲಿ ಇನ್ನು ಅನುಮಾನವಿರಲಿಲ್ಲ. ಗೊತ್ತಾದ ಮೇಲೂ ತನ್ನ ಮರ್ಯಾದೆ ಕಾಪಾಡಿದಳಲ್ಲ ಎಂದು ಮಗಳಿಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಹೊರಗೆ ಬಂದಾಗ ಬಾಗಿಲಲ್ಲಿ ಒಬ್ಬಾಕೆ ಮನೆಗೊಂದರಂತೆ ರಟ್ಟಿನ ಡಬ್ಬಿ ಹಂಚುತ್ತಿದ್ದಳು. ಅಮ್ಮ ಅದನ್ನು ತೆಗೆದು ನೋಡದೆ ಕೈಚೀಲದೊಳಗೆ ಹಾಕಿಕೊಂಡಳು.

ಬಸ್ಸಿನಲ್ಲಿ ಅಮ್ಮ ಮೊಲದ ಮರಿಯ ಬಗ್ಗೆ ಮಾತಾಡಿದಳು, ಬೆಟ್ಟದ ಬಣ್ಣ ಚೆನ್ನಾಗಿತ್ತು ಎಂದಳು, ಆ ರಾಜಕುಮಾರ ಪೆದ್ದ ಎಂದಳು. ಬಾತಜ್ಜಿಯ ಸುದ್ದಿಯೇ ಇಲ್ಲ. ಮಗಳು ಒಳಗೊಳಗೇ ಬೇಯುತ್ತಿದ್ದಳು. ಮನೆಯ ಬಾಗಿಲು ತೆಗೆದು ಒಳಗೆ ಬಂದದ್ದೇ ತಡ, ಅವಳ ಬಾಯಿ ಕಟ್ಟೆಯೊಡೆಯಿತು.

"ಬೈದುಬಿಡಮ್ಮ. ಹೊಡೀಬೇಕು ಅನಿಸಿದ್ರೆ ಹೊಡಿ. ಹೀಗೆ ಸುಮ್ಮನಿರಬೇಡ."

"ಯಾಕೆ ಬೈಯಲಿ?"

"ನಿನಗೆ ಗೊತ್ತು ಯಾಕೆ ಅಂತ."

ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ಕೈಚೀಲದಿಂದ ಡಬ್ಬಿ ತೆಗೆದು ಬಿಚ್ಚಿದಳು. ಒಳಗೆ ಗೇಣುದ್ದದ ಬಾತಜ್ಜಿ. ಹಳದಿ ಕೊಕ್ಕು, ತಲೆಗೆ ಕಟ್ಟಿದ ಬಟ್ಟೆ, ಬೆನ್ನಿನಲ್ಲಿ ಕೀಲಿ. ಅಮ್ಮ ಕೀಲಿ ತಿರುಗಿಸಿ ಮೇಜಿನ ಮೇಲೆ ಬಿಟ್ಟಳು. ಅದು ಟಕ್ಕೆಂದು ಒಂದು ಹೆಜ್ಜೆ ಇಟ್ಟು, ಸೊಂಟ ಕುಸಿದು, ಇನ್ನೊಂದು ಕಾಲನ್ನು ಸರ್ರೆಂದು ಎಳೆದುಕೊಂಡು, ಸಕ್ಕರೆ ಡಬ್ಬಿಯವರೆಗೆ ಹೋಗಿ ನಿಂತಿತು. ಅಮ್ಮ ಮತ್ತೊಮ್ಮೆ ಕೀಲಿ ಕೊಟ್ಟಳು, ಮತ್ತೊಮ್ಮೆ ನೋಡಿದಳು.

"ಕಾಲು ತಪ್ಪಾಗಿದೆ ಕಣೇ" ಎಂದಳು.

"ಏನು?"

"ಇದು ಬಲಗಾಲು ಎಳೆಯುತ್ತೆ. ಅಲ್ಲಿ ಸಿನಿಮಾದಲ್ಲೂ ಹಾಗೇ ಇತ್ತು. ನಾನು ಉದ್ದಕ್ಕೂ ಅದನ್ನೇ ನೋಡ್ತಿದ್ದೆ, ಒಂದು ಸಲವಾದ್ರೂ ಸರಿ ಮಾಡಿರ್ತಾಳೇನೋ ಅಂತ. ನಂದು ಎಡಗಾಲು."

ಮಗಳಿಗೆ ತಟ್ಟನೆ ಕಾರಣ ಹೊಳೆಯಿತು. "ಅದು ಕನ್ನಡಿ ಅಮ್ಮ. ನಾವು ಕನ್ನಡಿ ನೋಡ್ಕೊಂಡು ಬರೀತೀವಲ್ಲ, ಅದರಲ್ಲಿ ಎಡ ಬಲ ಅದಲು ಬದಲು..." ಎಂದು ಶುರುಮಾಡಿದವಳು ಮಾತು ನಿಲ್ಲಿಸಿದಳು. ಕನ್ನಡಿಯ ಮುಂದೆ ಅವತ್ತು ತಾನು ಎಳೆದದ್ದು ಯಾವ ಕಾಲು? ಎಡಗಾಲೇ ಎಂದು ಎದೆ ತಟ್ಟಿ ಹೇಳಲು ಆಗಲಿಲ್ಲ. ಅಮ್ಮ ನಡೆಯುವುದನ್ನು ಕಣ್ಣಿಗೆ ತಂದುಕೊಳ್ಳಲು ನೋಡಿದಳು. ಲಾಂಡ್ರಿಯ ಗೇಟು ಬಂತು, ಬೀದಿ ಬಂತು, ಹಳೆಯ ಮನೆಯ ಓಣಿ ಬಂತು. ಎಲ್ಲದರಲ್ಲೂ ಹಿಂದಿನಿಂದ ಆ ಸದ್ದು ಇತ್ತು, ಕಣ್ಣ ಮುಂದೆ ಇದ್ದದ್ದು ತನ್ನದೇ ಶಾಲೆಯ ಬೂಟುಗಳು. ಜಗತ್ತಿನ ಪ್ರಾಣಿಗಳ ನಡಿಗೆಯನ್ನೆಲ್ಲ ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರದಂತೆ ಬಿಡಿಸಿ ನೋಡುವವಳು, ಹೆತ್ತ ತಾಯಿಯ ನಾಲ್ಕು ಹೆಜ್ಜೆ ನೆಟ್ಟಗೆ ನೋಡಿರಲಿಲ್ಲ.

"ನಿನಗೆ ಹೇಗೆ ಗೊತ್ತಾಗ್ಬೇಕು ಬಿಡು" ಎಂದಳು ಅಮ್ಮ, ಆಟಿಕೆಯನ್ನು ಮತ್ತೆ ಡಬ್ಬಿಗೆ ಹಾಕುತ್ತ. "ನೀನು ಯಾವಾಗ್ಲೂ ಮುಂದೆ ಹೋಗ್ತಿದ್ದೆಯಲ್ಲ."

ಅವಳ ದನಿಯಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ಮಗಳು ತಡೆದುಕೊಳ್ಳುತ್ತಿದ್ದಳು. ಅವಳಿಗೆ ಅಳು ಬಂತು, ಚಿಕ್ಕ ಹುಡುಗಿಯ ಹಾಗೆ ಮೂಗು ಒರೆಸಿಕೊಂಡು ಅತ್ತಳು.

"ಸಾಕು, ಸಾಕು. ಆ ಮಕ್ಕಳು ಅಣಕಿಸ್ತಿದ್ದಾಗ ನಾನೇ ಅಳಲಿಲ್ಲ, ನಿಂದೇನು? ಹಾಲು ಮುಗಿದಿದೆ, ಅಂಗಡಿ ತನಕ ಹೋಗಿ ಬರೋಣ ನಡಿ."

ಇಬ್ಬರೂ ಕೆಳಗೆ ಇಳಿದರು. ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಾಗಿತ್ತು. ಗೇಟಿನ ಹತ್ತಿರ ಮಗಳ ಕಾಲು ತಾನಾಗಿಯೇ ಮುಂದಕ್ಕೆ ಹೋಗಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಗೇಟು ತೆರೆದು ಹಿಡಿದು, ಅಮ್ಮನನ್ನು ದಾಟಲು ಬಿಟ್ಟು, ಹಿಂದಿನಿಂದ ನಡೆದಳು.

ಅಮ್ಮನ ಬಲಗಾಲು ಗಟ್ಟಿಯಾಗಿ ಊರಿತು. ಸೊಂಟದ ಎಡಭಾಗ ಒಂದಿಷ್ಟು ಕೆಳಗೆ ಇಳಿಯಿತು, ಆಮೇಲೆ ಎಡಗಾಲು ಹೊರಗಿನಿಂದ ಸಣ್ಣ ಸುತ್ತು ಹಾಕಿ ಬಂದು ಪಕ್ಕದಲ್ಲಿ ನಿಂತಿತು. ಆ ಸುತ್ತನ್ನು ಅವಳು ಬರೆದೇ ಇರಲಿಲ್ಲ. ಪ್ರತಿ ಹೆಜ್ಜೆಗೂ ಅಮ್ಮ ಎಡಗೈಯ ಬೆರಳುಗಳನ್ನು ಮಡಿಸಿ ಬಿಡುತ್ತಿದ್ದಳು, ಬಹುಶಃ ನೋವಿಗೆ. ಅದನ್ನೂ ಅವಳು ಬರೆದಿರಲಿಲ್ಲ.

ಬೀದಿಯ ಅರ್ಧಕ್ಕೆ ಬಂದಾಗ ಪಕ್ಕದಲ್ಲಿ ಯಾರೂ ಇಲ್ಲದ್ದು ಅಮ್ಮನಿಗೆ ಗೊತ್ತಾಯಿತು. ಮುಂದೆ ನೋಡಿದಳು, ಅಲ್ಲಿಯೂ ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳು ಬೀದಿಯಲ್ಲಿ ಹಿಂದಕ್ಕೆ ತಿರುಗಿದಳು.

"ಅಲ್ಲೇನೇ ಮಾಡ್ತಿದೀಯ?"

"ನೋಡ್ತಿದೀನಿ ಅಮ್ಮ."

"ಈಗ ನೋಡಿ ಏನು ಮಾಡ್ತೀಯ?" ಎಂದಳು ಅಮ್ಮ. "ಸಿನಿಮಾ ಮುಗೀತಲ್ಲ."